ಬೋರ್ಡ್ ವಾಪಸು ಹೋಗುವುದಿಲ್ಲ

ಪೂಜ್ಯ ಮಾವನವರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಹೋದ ವರ್ಷ ಅಲೆಗೆ ಸಿಕ್ಕಿ ಭುಜ ಮುರಿದುಕೊಂಡವಳಿಗೆ ಹೊಸ ಸರ್ಫಿಂಗ್ ಬೋರ್ಡ್ ಯಾಕೆ, ಅದನ್ನು ಅಂಗಡಿಗೆ ವಾಪಸು ಕೊಟ್ಟು ಹೆಂಡತಿಯನ್ನು ಹದ್ದುಬಸ್ತಿನಲ್ಲಿಡು ಎಂದು ಬರೆದಿದ್ದೀರಿ. ಎರಡನ್ನೂ ನಾನು ಮಾಡುವುದಿಲ್ಲ.

ಇಂದು ಬೆಳಿಗ್ಗೆ ಅವಳು ಅದನ್ನು ಮೊದಲ ಸಲ ಸಮುದ್ರಕ್ಕಿಳಿಸಿದಳು. ಹಳೆಯ ಬೋರ್ಡ್ ದಪ್ಪ, ಅಗಲ. ಕಲಿಯುವವರನ್ನು ಹೇಗೋ ತಾಳಿಕೊಳ್ಳುತ್ತದೆ. ಹೊಸದು ಗಿಡ್ಡ, ಸಪೂರ, ಕಾಲು ಚೂರು ತಪ್ಪಿದರೂ ಕೆಡವುತ್ತದೆ. ಅವಳನ್ನೂ ಮತ್ತೆ ಮತ್ತೆ ಕೆಡವಿತು. ಒಮ್ಮೆ ನೀರಿನಿಂದ ಎದ್ದವಳು ಅದೇ ಭುಜ ಹಿಡಿದುಕೊಂಡಾಗ, ಪಕ್ಕದಲ್ಲಿ ನನ್ನ ಬೋರ್ಡಿನ ಮೇಲೆ ಕೂತಿದ್ದ ನನಗೆ ಜೀವ ಬಾಯಿಗೆ ಬಂತು.

"ಸಾಕು ಕಣೇ, ದಡಕ್ಕೆ ಹೋಗೋಣ" ಎಂದೆ.

"ಬೇಕಾದ್ರೆ ನೀನು ಹೋಗು. ನಾನು ನಿಂತ್ಕೊಂಡೇ ಬರೋದು" ಎಂದಳು.

ನಿಂತೇ ಬಂದಳು, ಮಾವ. ಅಲೆಯ ಜೊತೆಗೇ ಎದ್ದು, ಮೊಣಕಾಲು ಬಾಗಿಸಿ, ಬೋರ್ಡನ್ನು ಓರೆಯಾಗಿ ತಿರುಗಿಸಿಕೊಂಡು ಮರಳು ಮುಟ್ಟುವವರೆಗೂ ಬಂದಳು. ಹಾಗೆ ತಿರುಗಿಸಲು ನನಗೆ ಇನ್ನೂ ಬರುವುದಿಲ್ಲ. ದಡದಲ್ಲಿ ನಿಂತು ಜೋರಾಗಿ ನಕ್ಕಳು. ಆಸ್ಪತ್ರೆಯಿಂದ ಬಂದಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಅತ್ತೆ ಕೊಟ್ಟಿದ್ದ ನೋವಿನ ಎಣ್ಣೆ ಮುಗಿದಿದೆ, ದಯವಿಟ್ಟು ಇನ್ನೊಂದು ಬಾಟಲಿ ಕಳಿಸಿ. ನಾಳೆಯೂ ಹೋಗುತ್ತೇವೆ.

ಇನ್ನು ಮುಂದೆ ಅವಳಿಗೆ ಹೇಳಬೇಕಾದ್ದನ್ನು ಅವಳಿಗೇ ಬರೆಯಿರಿ. ಬೆದರಿಸಿದರೆ ಬಗ್ಗುವವಳಲ್ಲ ಎನ್ನುವುದು ನನಗಿಂತ ಮೊದಲು ನಿಮಗೇ ಗೊತ್ತು.

ಕೋಪ ಬಂದರೂ ಆಶೀರ್ವಾದ ತಪ್ಪಿಸಬೇಡಿ ಎನ್ನುವ,
ನಿಮ್ಮ ಅಳಿಯ