ನಾಲಿಗೆಯ ಕೆಳಗಿನ ಮಾತ್ರೆ

ಏನ್ರಿ,

ನಿಮ್ಮ ಅಣ್ಣ ಇವತ್ತು ಹೊಸಪೇಟೆಯ ಡಾಕ್ಟರಿಂದ ಬಿಪಿ ಮಾತ್ರೆ ತಂದರು. "ಸಾಯೋತನಕ ತಗೋಬೇಕಂತ, ಒಂದಿನಾನೂ ಬಿಡಬಾರ್ದಂತ" ಎಂದು ಮನೆಮಂದಿಗೆಲ್ಲ ಹೇಳಿದರು.

ಸಂಡೂರಿನ ಅದಿರು ಲಾರಿ ಓಡಿಸುತ್ತ ಹತ್ತಿದ ಅಫೀಮು ಬಿಡಲೆಂದು ನಿಮಗೂ ಡಾಕ್ಟರು ಮಾತ್ರೆ ಕೊಟ್ಟಿದ್ದರು. ಅದು ನಾಲಿಗೆಯ ಕೆಳಗೆ ಕರಗುವವರೆಗೂ ಬಾಯಿ ಮುಚ್ಚಿ ಕೂರುತ್ತಿದ್ದಿರಿ, ಆಮೇಲೆ ಅಫೀಮಿನ ನೆನಪಿಲ್ಲದೆ ಹಸಿವು ಅನ್ನುತ್ತಿದ್ದಿರಿ. "ಇದೂ ಒಂದು ಚಟಾನೇ ಅಲ್ಲೇನಲೇ" ಎಂದು ಇದೇ ಅಣ್ಣ ನಿಮ್ಮಿಂದ ಹುಲಿಗೆಮ್ಮನ ಆಣೆ ಮಾಡಿಸಿ, ಮಾತ್ರೆಗಳನ್ನು ಕಾಲುವೆಗೆ ಎಸೆದರು. ನೀವು ಆಣೆ ಮುರಿಯಲಿಲ್ಲ, ಮಾತ್ರೆ ಮುಟ್ಟಲಿಲ್ಲ. ಮತ್ತೆ ಅಫೀಮು ತಿಂದು ಲಾರಿಯಲ್ಲಿ ಮಲಗಿದವರು ಏಳಲೇ ಇಲ್ಲ.

ಊಟವಾದ ಮೇಲೆ ಅವರು "ವಿರುಪಮ್ಮ, ಮಾತ್ರೆಗೆ ನೀರು ತಾರವ್ವ" ಅಂದರು. ನಾನು ನೀರು ತಂದುಕೊಟ್ಟೆ.

ದಿನಾ ಮರೆಯದಂತೆ ನಾನೇ ನೆನಪು ಮಾಡಬೇಕಂತೆ.