ಸೆರಗಿನ ಧೂಳು

ಹೊಸಪೇಟೆ, ಸೋಮವಾರ

ಪ್ರಿಯ ಗಂಗೋತ್ರಿ,

ಕಾಂತೀಯ ಅಳತೆಯಲ್ಲಿ ನಿನ್ನ ಶುದ್ಧ ಝಿಂಕ್ ಆಕ್ಸೈಡ್ ಪುಡಿ ಕಬ್ಬಿಣದ ಗುರುತು ತೋರಿಸಿದಾಗ ಕೊಳಕು ಕೈಯಿಂದ ಮುಟ್ಟಿ ಕೆಡಿಸಿದೆಯೆಂದು ಎಲ್ಲರೆದುರು ನಿನ್ನನ್ನು ಬೈದೆ. "ಕೈ ತೊಳ್ಕೊಂಡೇ ಮುಟ್ಟೀನ್ರಿ ಮೇಡಂ" ಎಂದಿದ್ದೆ ನೀನು. ನಾನು ನಂಬಲಿಲ್ಲ. ನೀನು ಸಂಶೋಧನೆಯನ್ನೇ ಬಿಟ್ಟು ಕಂಪ್ಲಿಗೆ ಹೋದೆ.

ನಿನ್ನೆ ಪುಡಿಯಿಲ್ಲದೆ, ಅಳೆಯುವಾಗ ಅದನ್ನು ಯಂತ್ರದೊಳಗೆ ಹಿಡಿದಿಡುವ ಕಡ್ಡಿಯನ್ನಷ್ಟೇ ಅಳೆದೆ. ಅದೇ ಕಬ್ಬಿಣ ಕಂಡಿತು. ಆ ಕಡ್ಡಿಯನ್ನು ಪ್ರತಿಸಲ ಸೆರಗಿನಿಂದ ಒರೆಸಿಡುವವಳು ನಾನು. ದಿನವೂ ಸಂಡೂರಿನಿಂದ ಬಸ್ಸಿನಲ್ಲಿ ಬರುವ ನನ್ನ ಸೆರಗಿನ ತುಂಬ ಕಬ್ಬಿಣದ ಅದಿರಿನ ಕೆಂಧೂಳು. ಅದು ನನಗೆ ಕಾಣಲಿಲ್ಲವೋ, ನೋಡಲು ಮನಸ್ಸಿರಲಿಲ್ಲವೋ ತಿಳಿಯದು.

ತಪ್ಪು ನನ್ನದೆಂದು ವಿಭಾಗದಲ್ಲಿ ಎಲ್ಲರಿಗೂ ಹೇಳಿದ್ದೇನೆ. ಪುಡಿಯ ಹೊಸ ಬಾಟಲಿ ಬಂದಿದೆ, ಸೀಲ್ ತೆಗೆದಿಲ್ಲ. ನೀನೇ ಬಂದು ತೆಗೆ. ಅಳೆಯುವಾಗ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸು.

ನಿನ್ನ ದಾರಿ ಕಾಯುವ,
ಹೇಮಾವತಿ