ಯಜಮಾನರ ಪಟ್ಟಿಗೆ ಬಾರದ ಅಕ್ಷರಗಳು

ಪ್ರೆಸ್ಸಿನ ಹಿಂದಿನ ಕೋಣೆ,
ಗುರುವಾರ ಮಧ್ಯಾಹ್ನ, ಮಾರ್ಚ್ ೧೪

ನನ್ನ ಮುದ್ದು ಚುಕ್ಕಿಗೆ ಅಮ್ಮ ಬರೆಯುವುದು.

ಮೊದಲು ನಿನ್ನ ಮಣಿಕಟ್ಟಿನ ನೋವು ಹೇಗಿದೆ ಹೇಳು. ದಿನವಿಡೀ ಮೌಸ್ ಹಿಡಿದು ಕೂರುವವಳು ಗಂಟೆಗೊಮ್ಮೆಯಾದರೂ ಎದ್ದು ಕೈ ಕೊಡವಬೇಕು ಎಂದು ಎಷ್ಟು ಸಲ ಹೇಳಿದ್ದೇನೆ, ನೀನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತೀ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನಾದರೂ ಸುತ್ತಿಕೋ. ಊಟ ಸರಿಯಾಗಿ ಮಾಡುತ್ತಿದ್ದೀಯಾ? ಪತ್ರಿಕೆಯ ಕಚೇರಿಯಲ್ಲಿರುವವರು ಬರೀ ಟೀ ಕುಡಿದೇ ಬದುಕುತ್ತಾರೆ ಎಂದು ನಿಮ್ಮಪ್ಪ ಹೇಳುತ್ತಿದ್ದರು. ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದ್ದಲ್ಲೇ ಇದೆ, ಕಣ್ಣಿಗೆ ಹೊಸ ಕನ್ನಡಕ ಬಂದಿದೆ. ನಿಜ ಹೇಳಬೇಕೆಂದರೆ ನಿನ್ನೆಯಿಂದ ಹತ್ತು ವರ್ಷ ಚಿಕ್ಕವಳಾಗಿದ್ದೇನೆ. ಯಾಕೆ ಎಂದು ಬರೆಯುವುದಕ್ಕೇ ಕೂತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು ನಡುನಡುವೆ "ಹೋಗ್ಲಿ ಬಿಡಮ್ಮ" ಅನ್ನುತ್ತೀ. ಕಾಗದದ ಮೇಲೆ ನನ್ನನ್ನು ಯಾರೂ ತಡೆಯುವಂತಿಲ್ಲ.

ವಿಷಯ ನಿನ್ನ ಚಿಕ್ಕಪ್ಪನದು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಮೈದುನನನ್ನು ಬಹುವಚನದಲ್ಲೇ ಕರೆದವಳು ನಾನು. ಈ ಪತ್ರದಲ್ಲಿ ಮಾತ್ರ ಏಕವಚನ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡ. ಎದುರಿಗೆ ಬಂದರೆ ಮತ್ತೆ "ಬನ್ನಿ, ಕೂತ್ಕೊಳ್ಳಿ" ಎಂದೇ ಹೇಳುತ್ತೇನೆ. ಗ್ರಂಥಾಲಯದ ಹೊಸ ಕಟ್ಟಡ ಶುರುವಾದ ದಿನ ನಿನಗೆ ನೆನಪಿರಬೇಕು, ನೀನಾಗ ಶಾಲೆಯಲ್ಲಿದ್ದೆ. ಬಾಗಿಲ ಮೇಲಿನ ಆ ದೊಡ್ಡ ಬೋರ್ಡನ್ನು ನಿಮ್ಮಪ್ಪ ಹದಿನೆಂಟು ದಿನ ಕೂತು ಬರೆದರು. ಒಂದೊಂದು ಅಕ್ಷರದ ಹೊಟ್ಟೆಯನ್ನೂ ಮೂರು ಮೂರು ಸಲ ಅಳಿಸಿ ತಿದ್ದಿದರು. ಸಮಾರಂಭದಲ್ಲಿ ವೇದಿಕೆ ಹತ್ತಿದ್ದು ಯಾರು? ಪ್ರೆಸ್ಸಿನ ಯಜಮಾನ, ನಿನ್ನ ಚಿಕ್ಕಪ್ಪ. "ಇದು ನನ್ನ ಕೈಬರಹ" ಎಂದು ಮೈಕಿನಲ್ಲಿ ಹೇಳಿ ಸನ್ಮಾನದ ಫಲಕ ತೆಗೆದುಕೊಂಡ. ನಿಮ್ಮಪ್ಪ ಮೂರನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ಮನೆಗೆ ಬರುವಾಗ ದಾರಿಯುದ್ದಕ್ಕೂ ನಾನು ಅವರನ್ನು ತರಾಟೆಗೆ ತೆಗೆದುಕೊಂಡೆ. ಅವರು ಹೇಳಿದ್ದು ಒಂದೇ ಮಾತು: "ಓದೋರಿಗೆ ಅಕ್ಷರ ಕಂಡ್ರೆ ಸಾಕು ಕಣೇ." ಅವರಿಗೆ ಸಾಕಾಗಿತ್ತು. ನನಗೆ ಸಾಕಾಗಿರಲಿಲ್ಲ. ಅವರು ಹೋಗಿ ಎರಡು ವರ್ಷವಾದರೂ ಆ ಫಲಕ ಇಲ್ಲಿ ಕೌಂಟರಿನ ಹಿಂದಿನ ಗೋಡೆಯ ಮೇಲೇ ಇದೆ. ದಿನಾ ಬೆಳಿಗ್ಗೆ ಅದರ ಧೂಳು ಒರೆಸುವವಳು ನಾನೇ.

ಈಗ ಗ್ರಂಥಾಲಯದವರು ಒಳಗಿನ ಬೋರ್ಡುಗಳನ್ನೆಲ್ಲ ಬದಲಾಯಿಸುತ್ತಿದ್ದಾರೆ. ಓದುವ ಕೋಣೆ, ಮಕ್ಕಳ ವಿಭಾಗ, ಮೆಟ್ಟಿಲು, ಕೈತೊಳೆಯುವ ಜಾಗ, ಎಲ್ಲದಕ್ಕೂ ಬಾಗಿಲ ಮೇಲಿರುವ ಅಕ್ಷರಗಳೇ ಬೇಕಂತೆ. ಚಿಕ್ಕಪ್ಪ ನಿನಗೆ ಫೋನು ಮಾಡಿ ಬೆಣ್ಣೆಯಂಥ ಮಾತಾಡಿದ್ದು ಅದಕ್ಕೇ. ಅಪ್ಪನ ನೆನಪಿಗೆ ಅವರ ಅಕ್ಷರಗಳನ್ನು ಫಾಂಟು ಮಾಡಿಕೊಡು ಮಗಳೇ ಎಂದು ನಿನ್ನ ಹತ್ತಿರ ಹೇಳಿದವನು, ಗ್ರಂಥಾಲಯದ ಮೇಡಂ ಹತ್ತಿರ "ನನ್ನ ಅಕ್ಷರಗಳನ್ನು ಫಾಂಟು ಮಾಡಿಸುತ್ತಿದ್ದೇನೆ" ಎಂದ. ಎರಡೂ ಮಾತನ್ನು ಒಂದೇ ಮಧ್ಯಾಹ್ನ, ಅದೇ ಕುರ್ಚಿಯಲ್ಲಿ ಕೂತು ಹೇಳಿದ. ನಾನು ಪಕ್ಕದಲ್ಲೇ ರಸೀದಿ ಪುಸ್ತಕಗಳಿಗೆ ಗೋಂದು ಹಚ್ಚುತ್ತಿದ್ದೆ. ನೀನು ನಾಲ್ಕು ತಿಂಗಳು ಕೂತು ಅಪ್ಪನ ಹಳೆಯ ಹಾಳೆಗಳನ್ನೆಲ್ಲ ನೋಡಿ ನೋಡಿ ಮಾಡಿ ಕಳಿಸಿದೆಯಲ್ಲ, ಕಂದಾ, ಆ ಫೈಲು ಬಂದ ದಿನ ನಾನು ಅತ್ತದ್ದನ್ನು ನಿನಗೆ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಶನಿವಾರ ಅದನ್ನು ಮುಂದಿನ ಕೋಣೆಯ ಕಂಪ್ಯೂಟರಿಗೆ ಹಾಕಲು ಕೂತೆ. ಹಾಕಿದೆ, ಬರಲಿಲ್ಲ. ಪುಟ ಕಟ್ಟುವ ಪ್ರೋಗ್ರಾಮಿನಲ್ಲಿ ಫಾಂಟುಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಬೆರಳಿಟ್ಟು ನೋಡಿದೆ, ಇಲ್ಲ. ಮೊದಲು ನನ್ನದೇ ತಪ್ಪು: ನೀನು ಕಳಿಸಿದ ಜಿಪ್ ಗಂಟನ್ನು ಬಿಚ್ಚದೆ, ಅದರೊಳಗಿಂದಲೇ ಫೈಲು ತೆರೆದು ಇನ್‌ಸ್ಟಾಲ್ ಒತ್ತಿದ್ದೆ. ಗಂಟು ಬಿಚ್ಚಿ ಫೈಲನ್ನು ಹೊರಗಿಟ್ಟು ಮತ್ತೆ ಹಾಕಿದೆ. ಆಗಲೂ ಇಲ್ಲ. ಪ್ರೋಗ್ರಾಮು ತೆರೆದೇ ಇತ್ತು, ಅದು ತೆರೆಯುವಾಗ ಮಾತ್ರ ಪಟ್ಟಿ ಓದಿಕೊಳ್ಳುತ್ತದೆ ಎಂದು ನೀನೇ ಒಮ್ಮೆ ಹೇಳಿದ್ದು ನೆನಪಾಗಿ ಮುಚ್ಚಿ, ಚಿಕ್ಕಪ್ಪನನ್ನು ಕರೆದು ಮತ್ತೆ ತೆರೆಸಿದೆ. ಇಲ್ಲ. ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಿ ಇನ್ನೊಮ್ಮೆ ತೆರೆಸಿದೆ. ಇಲ್ಲವೆಂದರೆ ಇಲ್ಲ. ಭಾನುವಾರವೆಲ್ಲ ನಿನ್ನ ಕೆಲಸದಲ್ಲೇ ಏನಾದರೂ ಹೆಚ್ಚುಕಡಿಮೆ ಆಗಿರಬೇಕು ಎಂದು ಮನಸ್ಸಿನಲ್ಲೇ ಬೈದುಕೊಂಡೆ, ತಪ್ಪಾಯಿತು.

ಸೋಮವಾರ ಬೆಳಿಗ್ಗೆ ಒಂದು ಚೀಟಿ ಟೈಪ್ ಮಾಡಬೇಕಿತ್ತು. ಪತ್ರ ಬರೆಯುವ ಆ ಚಿಕ್ಕ ಪ್ರೋಗ್ರಾಮು ಇದೆಯಲ್ಲ, ಅದನ್ನು ತೆರೆದು ನೋಡಿದರೆ ಪಟ್ಟಿಯಲ್ಲಿ ನಿಮ್ಮಪ್ಪನ ಅಕ್ಷರ ಬಂದು ಕೂತಿದೆ. ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ, ಯಾಕೆ? ಟೀ ಆರಿಹೋಗುವಷ್ಟು ಹೊತ್ತು ಯೋಚಿಸಿದೆ. ಎರಡಕ್ಕೂ ಇರುವ ವ್ಯತ್ಯಾಸ ಚಿಕ್ಕಪ್ಪನೇ. ಬೆಳಿಗ್ಗೆ ಕಂಪ್ಯೂಟರು ತೆರೆಯುವುದು ನನ್ನ ಲಾಗಿನ್ನಿನಲ್ಲಿ. ಆದರೆ ಪುಟ ಕಟ್ಟುವ ಪ್ರೋಗ್ರಾಮನ್ನು ಯಾರೂ ತನ್ನನ್ನು ಕೇಳದೆ ಮುಟ್ಟಬಾರದು ಎಂದು ಅವನು ಅದಕ್ಕೆ ಯಜಮಾನರ ಪಾಸ್‌ವರ್ಡ್ ಇಟ್ಟಿದ್ದಾನೆ. ದಿನಾ ಬಂದು, ನಮಗೆ ಕಾಣದ ಹಾಗೆ ಭುಜ ಅಡ್ಡಹಿಡಿದು, ಅದನ್ನು ಒತ್ತಿ ಹೋಗುತ್ತಾನೆ. ಹಾಗಾಗಿ ಆ ಪ್ರೋಗ್ರಾಮು ನಡೆಯುವುದು ಅವನ ಹೆಸರಿನಲ್ಲಿ. ನಾನು ಫಾಂಟು ಹಾಕಿದ್ದು ನನ್ನ ಹೆಸರಿನಲ್ಲಿ. ಯಜಮಾನರ ಪಟ್ಟಿಗೆ ಅದು ಹೇಗೆ ಬಂದೀತು? ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ನೋಡಿದೆ. ಬರೀ ಇನ್‌ಸ್ಟಾಲ್ ಅನ್ನುವುದರ ಜೊತೆಗೆ, ಎಲ್ಲ ಬಳಕೆದಾರರಿಗೂ ಇನ್‌ಸ್ಟಾಲ್ ಎಂದು ಇನ್ನೊಂದು ಸಾಲಿತ್ತು. ಅದನ್ನು ಒತ್ತಿದರೆ ಯಜಮಾನರ ಪಾಸ್‌ವರ್ಡ್ ಕೇಳಿತು. ಇಷ್ಟೇ ಕಥೆ, ಒಂದು ನಿಮಿಷದ ಕೆಲಸ.

ನಿನ್ನಾಣೆ ಹೇಳುತ್ತೇನೆ, ಅವನನ್ನು ಕರೆದು ಹೇಳಿಬಿಡೋಣ ಎಂದೇ ಎದ್ದೆ. ಒಳಗೆ ಕಟಿಂಗ್ ಮೆಷಿನ್ನಿನ ಹತ್ತಿರ ಅವನು ಬೈಂಡಿಂಗಿನವರ ಜೊತೆ ನಿಂತಿದ್ದ. ಫಾಂಟು ಬರುತ್ತಿಲ್ಲವಂತೆ ಎಂದು ಅವರು ಕೇಳಿದ್ದಕ್ಕೆ ಇವನ ಉತ್ತರ: "ಆ ಹುಡುಗಿಗೇನು ಗೊತ್ತು. ಅವರಪ್ಪನ ಥರಾನೇ, ಎಲ್ಲಾ ಅರ್ಧಂಬರ್ಧ. ಜೀವನಪೂರ್ತಿ ಅವನು ಕೆಡಿಸಿದ್ದನ್ನ ನಾನು ತಿದ್ದಿ ತಿದ್ದಿ ಸಾಕಾಯ್ತು." ನಾನು ಹೋದ ಕಾಲಲ್ಲೇ ವಾಪಸ್ಸು ಬಂದೆ. ಗೋಂದಿನ ಬ್ರಷ್ಷು ಕೈಗೆತ್ತಿಕೊಂಡೆ. ಆ ಹೊತ್ತಿಗೇ ತೀರ್ಮಾನವಾಗಿತ್ತು. ಬುಧವಾರ ಗ್ರಂಥಾಲಯದವರು ಬೋರ್ಡುಗಳ ಮಾದರಿ ನೋಡಲು ಬರುವವರಿದ್ದರು. ಬರಲಿ ಎಂದುಕೊಂಡೆ.

ಮಂಗಳವಾರ ಕಂಪ್ಯೂಟರ್ ರಿಪೇರಿಯವರನ್ನು ಕರೆಸಿದ. ಪಾಪ, ಒಳ್ಳೆಯ ಮನುಷ್ಯ, ನಾನು ಮಾಡಿದ್ದನ್ನೆಲ್ಲ ಅದೇ ಕ್ರಮದಲ್ಲಿ ಮತ್ತೆ ಮಾಡಿದರು. ಹಾಕಿದ್ದನ್ನು ತೆಗೆದು ಮತ್ತೆ ಹಾಕಿದರು, ಅದೂ ನನ್ನ ಲಾಗಿನ್ನಿನಲ್ಲೇ. ಕಂಪ್ಯೂಟರು ನೆನಪಿಟ್ಟುಕೊಂಡಿದ್ದ ಹಳೆಯ ಫಾಂಟಿನ ಪಟ್ಟಿಯನ್ನು ಅಳಿಸಿದರು. ಚಿಕ್ಕ ಪ್ರೋಗ್ರಾಮಿನಲ್ಲಿ ಬರುವುದನ್ನೂ ದೊಡ್ಡದರಲ್ಲಿ ಬಾರದಿರುವುದನ್ನೂ ನೋಡಿ ತಲೆ ಕೆರೆದುಕೊಂಡರು. "ಪಾಸ್‌ವರ್ಡ್ ಇಲ್ದೆ ಒಂದ್ಸಲ ತೆಗೀಬಹುದಾ ಸರ್?" ಎಂದು ಕೇಳಿಯೂ ಕೇಳಿದರು. ತೆಗೆದಿದ್ದರೆ ಗುಟ್ಟು ಅಲ್ಲೇ ಬಯಲಾಗುತ್ತಿತ್ತು. ನನ್ನ ಪುಣ್ಯಕ್ಕೆ ಅವನು, ಈ ಪ್ರೆಸ್ಸಿನಲ್ಲಿ ಯಜಮಾನನಿಲ್ಲದೆ ಏನೂ ತೆರೆಯುವುದಿಲ್ಲ ಎಂದು ಬಡಾಯಿ ಕೊಚ್ಚಿ ಅವರ ಬಾಯಿ ಮುಚ್ಚಿಸಿದ. ಅವರು ಕೈಚೆಲ್ಲಿ ಹೋದರು. ಎಲ್ಲ ಗೊತ್ತಿದ್ದೂ ನಾನು ನಡುವೆ ಎರಡು ಸಲ ಹೋಗಿ ಬಂತಾ ಬಂತಾ ಎಂದು ಕೇಳಿ ಬಂದೆ. ನಿನ್ನ ಅಮ್ಮ ಎಂಥವಳು ನೋಡು.

ನಿನ್ನೆ ಹನ್ನೊಂದು ಗಂಟೆಗೆ ಮೇಡಂ, ಜೊತೆಗೆ ಸಮಿತಿಯ ಇಬ್ಬರು ಬಂದರು. ನಾನು ನೀರು ತಂದುಕೊಟ್ಟು ಗೋಡೆ ಪಕ್ಕ ನಿಂತೆ. ಅವನು ಭುಜ ಅಡ್ಡಹಿಡಿದು ಪಾಸ್‌ವರ್ಡ್ ಒತ್ತಿದ, ಪಟ್ಟಿ ಎಳೆದ, ಮೇಲೆ ಹೋದ, ಕೆಳಗೆ ಬಂದ. ಹಾಳು ಕಂಪ್ಯೂಟರು ಇವತ್ತೇ ಕೈಕೊಟ್ಟಿತು ಎಂದ. ಪೇಟೆಯ ಅಂಗಡಿ ಬಿಲ್ಲುಗಳಲ್ಲಿ ಇರುತ್ತದಲ್ಲ, ಆ ಸಪ್ಪೆ ಅಕ್ಷರದಲ್ಲಿ ಓದುವ ಕೋಣೆ ಎಂದು ಮೂಡಿತು. ಮೇಡಂ ಸಮಾಧಾನದವರು. ಪರವಾಗಿಲ್ಲ ಎಂದರು. ಮೇಜಿನ ಮೇಲಿದ್ದ ಒಂದು ಬಿಳಿ ಹಾಳೆಯನ್ನು ಅವನ ಕಡೆ ಸರಿಸಿ, "ಕೈಯಲ್ಲೇ ಬರೆದು ತೋರಿಸಿ ಸಾಕು. ನಿಮ್ಮದೇ ಅಕ್ಷರ ಅಲ್ವಾ?" ಎಂದರು. ಅವರ ಮನಸ್ಸಿನಲ್ಲಿ ಕೊಂಕು ಎಳ್ಳಷ್ಟೂ ಇರಲಿಲ್ಲ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ ಚುಕ್ಕಿ, ಇಷ್ಟು ಚೆನ್ನಾಗಿರುವುದನ್ನು ಯೋಚಿಸುವಷ್ಟು ಬುದ್ಧಿ ನನಗಿಲ್ಲ. ನಾನು ಮಾಡಿದ್ದು ಒಳಗಿನಿಂದ ನಿಮ್ಮಪ್ಪನ ಚಪ್ಪಟೆ ಬ್ರಷ್ಷನ್ನೂ ಶಾಯಿಯ ಬಾಟಲಿಯನ್ನೂ ತಂದು ಅವನ ಎದುರಿಗೆ ಇಟ್ಟದ್ದು, ಅಷ್ಟೇ.

ಬ್ರಷ್ಷು ಹಿಡಿದ. ಹಿಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಒಂದು ಓ ಬರೆಯಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಭುಜ ನೋವು ಎಂದ. ಕನ್ನಡಕ ತೆಗೆದು ಒರೆಸಿದ. ಮೇಡಂ ಹಾಳೆಯನ್ನು ನೋಡಿದರು, ಅವನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬಾಗಿಲ ಮೇಲಿನ ಬೋರ್ಡು ಬರೆದದ್ದು ಯಾರು ಎಂದು ಕೇಳಿದರು. ಕೇಳಿದ್ದು ನನ್ನನ್ನು. ನಾನು, "ಅವರೇ ಹೇಳ್ತಾರೆ ಮೇಡಂ" ಎಂದೆ. ನಾನು ಹೇಳಿಬಿಟ್ಟಿದ್ದರೆ ಅವನು ಬದುಕಿಕೊಳ್ಳುತ್ತಿದ್ದ, ಅಲ್ಲವೇ? ಹೆಂಗಸಿನ ಮಾತು ಎಂದು ತೇಲಿಸಿಬಿಡುತ್ತಿದ್ದ. ಅವನು ಬ್ರಷ್ಷು ಕೆಳಗಿಟ್ಟು, ಮೇಜು ನೋಡುತ್ತಾ, "ನಮ್ಮಣ್ಣ" ಎಂದ.

ಆಗ ನಾನು ಹೋಗಿ ಫೈಲಿನ ಮೇಲೆ ಬಲಗುಂಡಿ ಒತ್ತಿ, ಎರಡನೆಯ ಸಾಲು ಆರಿಸಿ, ಕೀಬೋರ್ಡನ್ನು ಅವನ ಕಡೆ ತಿರುಗಿಸಿದೆ. "ಪಾಸ್‌ವರ್ಡ್ ಹಾಕಿ, ಬರುತ್ತೆ" ಎಂದೆ. ಭುಜ ಅಡ್ಡಹಿಡಿಯುವುದನ್ನೂ ಮರೆತು ಒತ್ತಿದ. ಪ್ರೋಗ್ರಾಮು ಮುಚ್ಚಿ ತೆರೆದಾಗ ಓದುವ ಕೋಣೆ ಎಂದು ನಿಮ್ಮಪ್ಪನ ಅಕ್ಷರದಲ್ಲೇ ಬಂತು. ಮೇಡಂ ಎದ್ದು ನಿಂತರು. ಅವನು ನನ್ನ ಕಡೆ ನೋಡಿ, ಮೆಲ್ಲಗೆ, "ನಿಮಗೆ ಗೊತ್ತಿತ್ತಾ ಅತ್ತಿಗೆ?" ಎಂದ. ಸೋಮವಾರದಿಂದ ಗೊತ್ತಿತ್ತು ಎಂದೆ. ಸುಳ್ಳು ಯಾಕೆ ಹೇಳಲಿ?

ಬೋರ್ಡುಗಳ ಕೆಲಸ ನಮಗೇ ಸಿಕ್ಕಿತು. ಬಾಗಿಲ ಬಳಿ ಅಕ್ಷರ ಬರೆದವರ ಹೆಸರಿನ ಒಂದು ಚಿಕ್ಕ ಹಲಗೆ ಹಾಕಿಸುತ್ತೇವೆ ಎಂದು ಮೇಡಂ ಮಾತು ಕೊಟ್ಟಿದ್ದಾರೆ. ಚಿಕ್ಕಪ್ಪ ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ, ನಾನು ನನ್ನದನ್ನು ಪೂರ್ತಿ ತಿಂದೆ. ಅಯ್ಯೋ ಪಾಪ ಅನ್ನಿಸಬೇಕು ಎಂದು ಕಾದೆ, ಅನ್ನಿಸಲಿಲ್ಲ. ಹೊಟ್ಟೆ ತಣ್ಣಗಿತ್ತು. ಇವತ್ತು ಬೆಳಿಗ್ಗೆ ಬಂದು ನೋಡಿದರೆ ಗೋಡೆಯ ಮೇಲೆ ಫಲಕವಿಲ್ಲ, ಮೊಳೆ ಮಾತ್ರ ಇದೆ.

ನೀನು ಇಲ್ಲದಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ, ಬಂಗಾರ. ನಿನ್ನ ಕೈ ಬೇಗ ವಾಸಿಯಾಗಲಿ, ಆ ಕೈಗೆ ಒಳ್ಳೊಳ್ಳೆಯ ಕೆಲಸ ಸಿಗುತ್ತಲೇ ಇರಲಿ. ನಿನ್ನ ಕೋಣೆಯ ಗೆಳತಿಗೆ ನಾನು ಕೇಳಿದೆ ಎಂದು ಹೇಳು. ಹೊತ್ತುಹೊತ್ತಿಗೆ ಉಣ್ಣು.

ಇಂತಿ, ನೂರು ವರ್ಷ ಬಾಳು ಎಂದು ಹರಸುವ
ನಿನ್ನ ಅಮ್ಮ

ಮರೆತ ಮಾತು: ಲಕೋಟೆ ಅಂಟಿಸುವ ಹೊತ್ತಿಗೆ ಮೇಡಂ ಫೋನು ಬಂತು. ಹಲಗೆಗೆ ಹೆಸರು ಹೇಗೆ ಹಾಕಬೇಕು, ಫಾಂಟಿನ ಫೈಲಿನಲ್ಲೇ ಬರೆದವರ ಹೆಸರು ಇರುತ್ತದಂತಲ್ಲ, ಅದರಲ್ಲಿರುವ ಹಾಗೇ ಹಾಕಿಸುತ್ತೇವೆ ಎಂದರು. ನಾನು ಜಂಬದಿಂದ ಫೈಲಿನ ವಿವರದ ಪುಟ ತೆರೆದೆ. ವಿನ್ಯಾಸ ಮಾಡಿದವರು ಎಂಬಲ್ಲಿ ನಿನ್ನ ಹೆಸರಿದೆ. ಹಕ್ಕು ಯಾರದು ಎಂಬಲ್ಲೂ ನಿನ್ನ ಹೆಸರೇ. ಮೇಲಿಂದ ಕೆಳಗೆ ಎರಡು ಸಲ ಬೆರಳಿಟ್ಟು ನೋಡಿದೆ, ನಿಮ್ಮಪ್ಪ ಎಲ್ಲೂ ಇಲ್ಲ. ಚಿಕ್ಕಪ್ಪ ನನ್ನ ಹಿಂದೆಯೇ ನಿಂತಿದ್ದ. ಕನ್ನಡಕ ಏರಿಸಿಕೊಂಡು ಓದಿದ, ನಿನ್ನೆಯಿಂದ ಮೊದಲ ಸಲ ನಕ್ಕ. ಮುಂದಿನ ವಾರ ತಿಳಿಸುತ್ತೇನೆ ಎಂದು ಮೇಡಂಗೆ ಹೇಳಿದ್ದೇನೆ. ಈ ಪತ್ರ ಕೈಸೇರಿದ ದಿನವೇ ಅದನ್ನು ತಿದ್ದಿ ಕಳಿಸು. ಕಳಿಸದಿದ್ದರೆ ಮೇಡಂ ಎದುರಿಗೆ ನಿನ್ನನ್ನೇ ಕೂರಿಸಿ, ಅದು ಯಾರ ಅಕ್ಷರ ಎಂದು ನಿನ್ನ ಬಾಯಿಂದಲೇ ಹೇಳಿಸುತ್ತೇನೆ. ಹೆತ್ತ ಮಗಳು ಎಂದು ಬಿಟ್ಟುಬಿಡುತ್ತೇನೆ ಅಂದುಕೊಳ್ಳಬೇಡ.